ಸೆಕೆಂಡ್ ಹ್ಯಾಂಡ್ ಪೋರ್ಷೆ ಕಯೆನ್ ಕೊಳ್ಳುವ ಯೋಚನೆಯೇ? ಕಂಪನಿ ಉಚಿತವಾಗಿ ಸರಿಪಡಿಸುವ ದೋಷ ಯಾವುದು, ನಿಮ್ಮ ಜೇಬಿಗೆ ಕತ್ತರಿ ಹಾಕುವ ದೋಷ ಯಾವುದು?

ಶೋರೂಂನಲ್ಲಿ ಹೊಸದಾಗಿ ಕೊಂಡರೆ ಬೆಲೆ ಒಂದು ಕೋಟಿ ರೂಪಾಯಿ ದಾಟುತ್ತದೆ. ಹತ್ತು-ಹನ್ನೆರಡು ವರ್ಷ ಹಳೆಯದಾದರೆ ಅದೇ ಕಾರು ಹೊಸ ಮಧ್ಯಮ ಗಾತ್ರದ ಎಸ್‌ಯುವಿಯ ಬೆಲೆಗೆ ಸಿಗುತ್ತದೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು, ದೆಹಲಿಯ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಮಾರುಕಟ್ಟೆಯಲ್ಲಿ ಪೋರ್ಷೆ ಕಯೆನ್ ಆಸೆ ಹುಟ್ಟಿಸುವುದು ಈ ಲೆಕ್ಕದಿಂದಲೇ.

ಕೊಳ್ಳಲು ಹೋದವರು ಮಾರುವವರನ್ನು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: "ಈ ಗಾಡಿಗೆ ರಿಕಾಲ್ ಏನಾದ್ರೂ ಇದೆಯಾ?" ಉತ್ತರವೂ ಸಾಮಾನ್ಯವಾಗಿ ಒಂದೇ: "ಏನೂ ಇಲ್ಲ ಸಾರ್, ಎಲ್ಲ ಕ್ಲಿಯರ್."

ಈ ಉತ್ತರವನ್ನು ನಂಬಿ ಮುಂಗಡ ಕೊಡುವ ಮೊದಲು ಎರಡು ವಿಷಯ ತಿಳಿದಿರಬೇಕು. ಒಂದು, ಕಂಪನಿ ರಿಕಾಲ್ ಘೋಷಿಸಿದೆ ಎಂದರೆ ನಿಮ್ಮ ಕೈಗೆ ಬರುವ ಕಾರಿನಲ್ಲಿ ಆ ಕೆಲಸ ಆಗಿದೆ ಎಂದಲ್ಲ. ಎರಡು, ರಿಕಾಲ್ ಪಟ್ಟಿಯಲ್ಲಿ ಇಲ್ಲ ಎಂದರೆ ಕಾರಿನಲ್ಲಿ ದೋಷವೇ ಇಲ್ಲ ಎಂದೂ ಅಲ್ಲ. ಜೇಬು ಖಾಲಿ ಮಾಡುವ ಹಲವು ದೋಷಗಳು ಆ ಪಟ್ಟಿಗೆ ಬರುವುದೇ ಇಲ್ಲ. ಕಯೆನ್ ಉದಾಹರಣೆ ಇಟ್ಟುಕೊಂಡು ಇವೆರಡನ್ನೂ ಬಿಡಿಸಿ ನೋಡೋಣ.

ರಿಕಾಲ್ ಎಂದರೇನು? 'ಸಾಮಾನ್ಯ ದೋಷ' ಎಂದರೇನು?

ವಿನ್ಯಾಸದಲ್ಲೋ, ಬಿಡಿಭಾಗದಲ್ಲೋ, ಜೋಡಣೆಯಲ್ಲೋ ಆದ ತಪ್ಪಿನಿಂದ ಕಾರಿನಲ್ಲಿರುವವರಿಗೆ ಅಥವಾ ರಸ್ತೆಯಲ್ಲಿರುವವರಿಗೆ ಅಪಾಯವಾಗಬಹುದು ಎಂದು ಕಂಡುಬಂದಾಗ ಕಂಪನಿ ಆ ಕಾರುಗಳನ್ನು ವಾಪಸ್ ಕರೆಸಿಕೊಳ್ಳುತ್ತದೆ. ಇದೇ ಸುರಕ್ಷತಾ ರಿಕಾಲ್. ಕರೆಸಿಕೊಳ್ಳುವುದು ಎಂದರೆ ಕಾರನ್ನು ಕಿತ್ತುಕೊಳ್ಳುವುದಲ್ಲ. ಸರ್ವಿಸ್ ಸೆಂಟರ್‌ಗೆ ತಂದರೆ ದೋಷವಿರುವ ಭಾಗವನ್ನು ಪರಿಶೀಲಿಸಿ, ಬೇಕಿದ್ದರೆ ಬದಲಿಸಿ ಕೊಡುತ್ತಾರೆ. ಖರ್ಚು ಕಂಪನಿಯದ್ದು.

ಇಲ್ಲೊಂದು ಮುಖ್ಯ ಸಂಗತಿಯಿದೆ. ರಿಕಾಲ್ ಅಂಟಿಕೊಳ್ಳುವುದು ಮಾಲೀಕರ ಹೆಸರಿಗಲ್ಲ, ಕಾರಿನ ಚಾಸಿ ನಂಬರ್‌ಗೆ. ಕಾರು ಮೂರನೇ ಕೈಗೆ ಹೋಗಿದ್ದರೂ ಬಾಕಿ ಉಳಿದ ರಿಕಾಲ್ ಕೆಲಸವನ್ನು ಕೇಳಿ ಮಾಡಿಸಿಕೊಳ್ಳಬಹುದು.

'ಸಾಮಾನ್ಯ ದೋಷ' ಹಾಗಲ್ಲ. ಒಂದು ಮಾದರಿಯ ಬಹಳಷ್ಟು ಕಾರುಗಳಲ್ಲಿ ವರ್ಷ ಕಳೆದಂತೆ ಅದೇ ಜಾಗದಲ್ಲಿ ಅದೇ ತೊಂದರೆ ಕಾಣಿಸುತ್ತದೆ. ಮೆಕ್ಯಾನಿಕ್‌ಗಳಿಗೆ ಅದು ಬಾಯಿಪಾಠ. ಆದರೆ ಅದು ತಕ್ಷಣದ ಅಪಾಯವಲ್ಲ, ಸವಕಳಿ ಎಂದು ಕಂಪನಿ ಪರಿಗಣಿಸಿದರೆ ರಿಕಾಲ್ ಆಗುವುದಿಲ್ಲ. ವಾರಂಟಿ ಮುಗಿದ ಮೇಲೆ ಬಿಲ್ ಪೂರ್ತಿ ನಿಮ್ಮದೇ.

ಕಯೆನ್: ಮೂರು ತಲೆಮಾರು

ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದ ಜರ್ಮನಿಯ ಪೋರ್ಷೆ ತನ್ನ ಮೊದಲ ಎಸ್‌ಯುವಿಯಾಗಿ ಕಯೆನ್ ತಂದದ್ದು 2002ರಲ್ಲಿ. ಫೋಕ್ಸ್‌ವ್ಯಾಗನ್ ಟುವರೆಗ್ ಜೊತೆ ಒಂದೇ ತಳಪಾಯದ ಮೇಲೆ ಇದನ್ನು ಅಭಿವೃದ್ಧಿಪಡಿಸಲಾಯಿತು. ಎರಡನೇ ತಲೆಮಾರು 2010ರಲ್ಲಿ, ಮೂರನೆಯದು 2017ರಲ್ಲಿ ಬಂತು. ಭಾರತಕ್ಕೆ ಇದು ಪೂರ್ಣ ಸಿದ್ಧ ಕಾರಾಗಿ ಆಮದಾಗುತ್ತಾ ಬಂದಿದೆ.

ಮೊದಲ ಕಯೆನ್ ಟರ್ಬೊದಲ್ಲಿದ್ದದ್ದು 4.5 ಲೀಟರ್‌ನ ವಿ8 ಎಂಜಿನ್, 450 ಅಶ್ವಶಕ್ತಿ. ಎರಡು ಟನ್‌ಗೂ ಹೆಚ್ಚು ತೂಕದ ಗಾಡಿ ಆರು ಸೆಕೆಂಡ್‌ನೊಳಗೆ 100 ಕಿ.ಮೀ. ವೇಗ ಮುಟ್ಟುತ್ತಿತ್ತು. ಅಷ್ಟು ತೂಕ, ಅಷ್ಟು ಶಕ್ತಿ, ಅಷ್ಟು ಬಿಸಿ ಒಂದೇ ಕಡೆ ಸೇರಿದಾಗ ಮೊದಲು ಸೋಲುವುದು ಎಂಜಿನ್ನಿನ ದೊಡ್ಡ ಭಾಗಗಳಲ್ಲ. ಪ್ಲಾಸ್ಟಿಕ್ ಪೈಪು, ರಬ್ಬರ್ ಬುಷ್, ಬೇರಿಂಗ್‌ನಂಥ ಸಣ್ಣ ಭಾಗಗಳು. ಕಯೆನ್‌ನ ದೋಷಗಳ ಪಟ್ಟಿಯಲ್ಲಿ ಇವೇ ಮತ್ತೆ ಮತ್ತೆ ಬರುತ್ತವೆ.

ಮೊದಲು ರಿಕಾಲ್ ಆದ ದೋಷಗಳು

*1. ಪೆಡಲ್ ಹಿಡಿದಿಡುವ ಉಂಗುರ (2016)*

ಕಯೆನ್ ಇತಿಹಾಸದ ದೊಡ್ಡ ರಿಕಾಲ್‌ಗಳಲ್ಲಿ ಒಂದು 2016ರ ಮಾರ್ಚ್‌ನಲ್ಲಿ ಬಂತು. 2011ರಿಂದ 2016ರವರೆಗಿನ ಮಾದರಿಗಳಲ್ಲಿ ಪೆಡಲ್‌ಗಳನ್ನು ಕೂರಿಸುವ ಬ್ರಾಕೆಟ್‌ನ ಲಾಕ್ ರಿಂಗ್ ಸಡಿಲವಾಗಿರಬಹುದು ಎಂದು ಕಂಪನಿಯ ಆಂತರಿಕ ತಪಾಸಣೆಯಲ್ಲಿ ಗೊತ್ತಾಯಿತು. ವಿಶ್ವದಾದ್ಯಂತ 4 ಲಕ್ಷಕ್ಕೂ ಹೆಚ್ಚು ಕಯೆನ್‌ಗಳನ್ನು ಕರೆಸಿಕೊಳ್ಳಲಾಯಿತು. ಅದೇ ತಳಪಾಯದ ಟುವರೆಗ್ ಕೂಡ ಸೇರಿ ಒಟ್ಟು ಸಂಖ್ಯೆ 8 ಲಕ್ಷದ ಆಸುಪಾಸು.

ಲಾಕ್ ರಿಂಗ್ ಎಂದರೆ ಒಂದು ಪಿನ್ ಜಾಗ ಬಿಟ್ಟು ಜಾರದಂತೆ ಅದರ ತುದಿಗೆ ಹಾಕುವ ಸಣ್ಣ ಲೋಹದ ಕ್ಲಿಪ್. ಎರಡು ಟನ್‌ನ ಕಾರನ್ನು ನಿಲ್ಲಿಸಲು ನೀವು ಕಾಲಿಡುವ ಜಾಗದಲ್ಲಿ ಅದು ಸಡಿಲವಾದರೆ ಏನಾಗಬಹುದು ಎಂದು ವಿವರಿಸಬೇಕಿಲ್ಲ. ಸರಿಪಡಿಸಲು ವರ್ಕ್‌ಶಾಪ್‌ನಲ್ಲಿ ಅರ್ಧ ಗಂಟೆಯೂ ಬೇಡ ಎಂದು ಕಂಪನಿ ಆಗ ಹೇಳಿತ್ತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಗಮನಿಸಲೇಬೇಕು. ಇಂದು ಮಾರುಕಟ್ಟೆಯಲ್ಲಿ ಕಾಣುವ ಎರಡನೇ ತಲೆಮಾರಿನ ಕಯೆನ್‌ಗಳಲ್ಲಿ ಹೆಚ್ಚಿನವು ಇದೇ 2011-2016ರ ಸಾಲಿನವು. ಅರ್ಧ ಗಂಟೆಯ ಈ ಉಚಿತ ಕೆಲಸ ಆಗಿದೆಯೇ ಎಂಬುದಕ್ಕೆ ದಾಖಲೆ ಕೇಳಿ.

*2. 'ಪಿ' ತೋರಿಸುತ್ತದೆ, ಆದರೆ ಕಾರು ನಿಂತಿರುವುದಿಲ್ಲ (2019)*

2003ರಿಂದ 2006ರ ಸಾಲಿನ ಕಯೆನ್ ಎಸ್, ಟರ್ಬೊ, ಟರ್ಬೊ ಎಸ್ ಹಾಗೂ 2010ರಿಂದ 2016ರ ಪನಮೆರಾ ಕಾರುಗಳಿಗೆ 2019ರಲ್ಲಿ ರಿಕಾಲ್ ಬಂತು. ಅಮೆರಿಕದಲ್ಲೇ ಇವುಗಳ ಸಂಖ್ಯೆ ಸುಮಾರು 1 ಲಕ್ಷ.

ಗೇರ್ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್‌ನ ತುದಿಯಲ್ಲಿ ಒಂದು ಬುಷ್ ಇರುತ್ತದೆ. ವರ್ಷಗಟ್ಟಲೆ ಬಿಸಿ ಉಂಡು ಅದು ಹಾಳಾದರೆ ಕೇಬಲ್ ಕಳಚಿಕೊಳ್ಳಬಹುದು. ಚಾಲಕರು ಲಿವರನ್ನು 'ಪಿ'ಗೆ ತಂದು, ಎಂಜಿನ್ ನಿಲ್ಲಿಸಿ ಇಳಿಯುತ್ತಾರೆ. ಆದರೆ ಗೇರ್‌ಬಾಕ್ಸ್ ಒಳಗೆ ಪಾರ್ಕ್ ಆಗಿರುವುದಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕದಿದ್ದರೆ ಇಳಿಜಾರಿನಲ್ಲಿ ಕಾರು ತಾನಾಗಿಯೇ ಉರುಳುತ್ತದೆ.

ಉರುಳುವ ಕಾರು ಎಷ್ಟು ಅಪಾಯಕಾರಿ ಎಂಬುದಕ್ಕೆ ಇನ್ನೊಂದು ಕಂಪನಿಯ ಎಸ್‌ಯುವಿಯ ಪ್ರಕರಣವಿದೆ. 'ಸ್ಟಾರ್ ಟ್ರೆಕ್' ಚಿತ್ರಗಳ ನಟ ಆಂಟನ್ ಯೆಲ್ಚಿನ್ 2016ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಮನೆಯ ಇಳಿಜಾರಿನ ದಾರಿಯಲ್ಲಿ ತಮ್ಮದೇ ಜೀಪ್ ಗ್ರ್ಯಾಂಡ್ ಚೆರೋಕಿ ಹಿಂದಕ್ಕೆ ಉರುಳಿ ಬಂದು ಸಿಕ್ಕಿಹಾಕಿಕೊಂಡು ಮೃತಪಟ್ಟರು. ಅವರ ವಯಸ್ಸು 27. ಆ ಕಾರಿನ ಗೇರ್ ಲಿವರ್ ವಿನ್ಯಾಸ ಬೇರೆ, ದೋಷದ ಕಾರಣವೂ ಬೇರೆ. ಆದರೆ ಗಮನಿಸಬೇಕಾದ್ದು ಇದು: ಆ ಮಾದರಿಗೆ ಅದೇ ವರ್ಷದ ಏಪ್ರಿಲ್‌ನಲ್ಲೇ ರಿಕಾಲ್ ಘೋಷಣೆಯಾಗಿತ್ತು. ಘೋಷಣೆಗೂ ದುರಸ್ತಿಗೂ ನಡುವಿನ ಅವಧಿಯಲ್ಲಿ ಕಾರು ಮೊದಲಿನಷ್ಟೇ ಅಪಾಯಕಾರಿ.

*3. ಹೆಡ್‌ಲೈಟ್, ಕ್ಯಾಮ್‌ಶಾಫ್ಟ್*

2011-12ರ ಮಾದರಿಯ ಸುಮಾರು 20 ಸಾವಿರ ಕಯೆನ್‌ಗಳನ್ನು 2012ರಲ್ಲಿ ಕರೆಸಿಕೊಳ್ಳಲಾಯಿತು. ಚಲಿಸುವಾಗಲೇ ಹೆಡ್‌ಲೈಟ್ ಸಡಿಲವಾಗಿ ಕಳಚಿಬರಬಹುದು ಎಂಬುದು ಆಗಿನ ಆತಂಕ.

ಇದಕ್ಕಿಂತ ಗಂಭೀರವಾದದ್ದು ಅದೇ ಕಾಲದ ವಿ8 ಎಂಜಿನ್ನಿನ ಕ್ಯಾಮ್‌ಶಾಫ್ಟ್ ಅಡ್ಜಸ್ಟರ್. ವೇಗಕ್ಕೆ ತಕ್ಕಂತೆ ಎಂಜಿನ್ ವಾಲ್ವ್‌ಗಳು ತೆರೆಯುವ ಸಮಯವನ್ನು ಹೊಂದಿಸುವ ಭಾಗವಿದು. ಇದರ ಬೋಲ್ಟ್‌ಗಳು ಸಡಿಲವಾದರೆ ಅಥವಾ ತುಂಡಾದರೆ ಎಂಜಿನ್ ಓಡುತ್ತಿರುವಾಗಲೇ ನಿಂತುಹೋಗಬಹುದು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಬಲ ಲೇನ್‌ನಲ್ಲಿ ಹೀಗಾದರೆ ಪರಿಣಾಮ ಊಹಿಸಿಕೊಳ್ಳಿ. ಚೀನಾ ಸೇರಿ ಕೆಲವು ದೇಶಗಳಲ್ಲಿ ಇದಕ್ಕೆ ರಿಕಾಲ್ ನಡೆದಿದೆ. ಈ ಸಾಲಿನ ಕಯೆನ್ ಎಸ್ ಅಥವಾ ಟರ್ಬೊ ನೋಡುತ್ತಿದ್ದರೆ ಈ ಭಾಗ ಬದಲಾಗಿದೆಯೇ ಎಂದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಪ್ರತ್ಯೇಕವಾಗಿ ವಿಚಾರಿಸಿ.

*4. ಡೀಸೆಲ್ ಹೊಗೆಯ ರಿಕಾಲ್ (2017)*

ಎಲ್ಲ ರಿಕಾಲ್‌ಗಳೂ ಸುರಕ್ಷತೆಗಾಗಿ ಅಲ್ಲ. 2017ರ ಜುಲೈನಲ್ಲಿ ಜರ್ಮನಿಯ ಅಂದಿನ ಸಾರಿಗೆ ಸಚಿವ ಅಲೆಕ್ಸಾಂಡರ್ ಡೋಬ್ರಿಂಟ್ 3 ಲೀಟರ್ ಡೀಸೆಲ್ ಕಯೆನ್‌ಗಳನ್ನು ವಾಪಸ್ ಕರೆಸುವಂತೆ ಆದೇಶಿಸಿದರು. ಯುರೋಪಿನಲ್ಲಿ ಇಂಥ ಸುಮಾರು 22 ಸಾವಿರ ಕಾರುಗಳಿದ್ದವು. ಪರೀಕ್ಷೆಯ ವೇಳೆ ಹೊಗೆ ಕಡಿಮೆ ತೋರಿಸಿ, ರಸ್ತೆಯಲ್ಲಿ ಹೆಚ್ಚು ಬಿಡುವ ಸಾಫ್ಟ್‌ವೇರ್ ಅವುಗಳಲ್ಲಿದೆ ಎಂಬುದು ಆಕ್ಷೇಪ. ಪೋರ್ಷೆ 2018ರಲ್ಲಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಡುವುದಾಗಿ ಘೋಷಿಸಿತು. 2019ರಲ್ಲಿ ಡೀಸೆಲ್ ಹಗರಣದ ಸಂಬಂಧ ಸ್ಟುಟ್‌ಗಾರ್ಟ್‌ನ ಪ್ರಾಸಿಕ್ಯೂಟರ್‌ಗಳು ಕಂಪನಿಗೆ 53.5 ಕೋಟಿ ಯೂರೊ ದಂಡ ವಿಧಿಸಿದರು.

ಇನ್ನು ರಿಕಾಲ್ ಪಟ್ಟಿಯಲ್ಲಿ ಸಿಗದ ದೋಷಗಳು

ಮೇಲಿನವೆಲ್ಲ ದಾಖಲೆಯಲ್ಲಿರುವ ಸಂಗತಿಗಳು. ಹುಡುಕಿದರೆ ಸಿಗುತ್ತವೆ, ಕೇಳಿದರೆ ಉಚಿತವಾಗಿ ಸರಿಹೋಗುತ್ತವೆ. ಕೆಳಗಿನವು ಹಾಗಲ್ಲ. ಕಾರು ಕೊಂಡ ಆರು ತಿಂಗಳಲ್ಲಿ "ಯಾಕಪ್ಪಾ ತಗೊಂಡೆ" ಎನಿಸುವುದು ಸಾಮಾನ್ಯವಾಗಿ ಇವುಗಳಿಂದಲೇ.

*ಪ್ಲಾಸ್ಟಿಕ್ ಕೂಲಂಟ್ ಪೈಪು*

ಮೊದಲ ತಲೆಮಾರಿನ ವಿ8 ಕಯೆನ್‌ನ ಅತಿ ಪ್ರಸಿದ್ಧ ದೋಷ ಇದು. ಎಂಜಿನ್ ತಂಪಾಗಿಡುವ ಕೂಲಂಟ್ ಹರಿಯುವ ಪೈಪುಗಳನ್ನು ಎಂಜಿನ್ನಿನ ಎರಡು ಸಾಲು ಸಿಲಿಂಡರ್‌ಗಳ ನಡುವಿನ ತಗ್ಗಿನಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೂರಿಸಲಾಗಿತ್ತು. ಇಡೀ ಎಂಜಿನ್ನಿನಲ್ಲಿ ಬಿಸಿ ಹೆಚ್ಚು ಸೇರಿಕೊಳ್ಳುವ ಆ ಜಾಗದಲ್ಲಿ ಬಳಸಿದ್ದು ಪ್ಲಾಸ್ಟಿಕ್ ಪೈಪು. ವರ್ಷಗಳಲ್ಲಿ ಅದು ಹಪ್ಪಳದಂತಾಗಿ ಬಿರುಕು ಬಿಡುತ್ತದೆ. ಸೋರಿದ ಕೂಲಂಟ್ ಎಂಜಿನ್ ಹಿಂಬದಿಗೆ ಇಳಿದು ಸ್ಟಾರ್ಟರ್ ಮೋಟರ್ ಇರುವ ಕಡೆ ಸೇರುತ್ತದೆ. ಗಮನಿಸದೆ ಓಡಿಸಿದರೆ ಎಂಜಿನ್ ಬಿಸಿಯೇರಿ ಕೆಟ್ಟೇ ಹೋಗುತ್ತದೆ.

ಇದು ಸುರಕ್ಷತಾ ರಿಕಾಲ್ ಆಗಿ ಬರಲಿಲ್ಲ. ಅಮೆರಿಕದ ಮಾಲೀಕರು ಒಹಾಯೊದ ಫೆಡರಲ್ ಕೋರ್ಟ್‌ನಲ್ಲಿ ಸಾಮೂಹಿಕ ದಾವೆ ಹೂಡಬೇಕಾಯಿತು. ಪ್ರಕರಣ ಕೊನೆಗೆ ರಾಜಿ ಒಪ್ಪಂದದಲ್ಲಿ ಮುಗಿಯಿತು. ಅಲ್ಯೂಮಿನಿಯಂ ಪೈಪುಗಳನ್ನು ಹಾಕಿಸುವುದೇ ಇದಕ್ಕೆ ಶಾಶ್ವತ ಪರಿಹಾರ. ಪೈಪಿನ ಬೆಲೆಗಿಂತ ಮ್ಯಾನಿಫೋಲ್ಡ್ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಆದ್ದರಿಂದ ಮೊದಲ ತಲೆಮಾರಿನ ಕಾರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: "ಪೈಪು ಬದಲಾಗಿದೆಯಾ? ಬಿಲ್ ಇದೆಯಾ?"

ನಂತರ ಬಂದ 4.8 ಲೀಟರ್ ವಿ8ನಲ್ಲಿ ಪೈಪು ಲೋಹದ್ದಾದರೂ, ಅಂಟಿನಿಂದ ಜೋಡಿಸಿದ ಕೂಲಂಟ್ ಸಂಧಿಗಳು ಬಿಟ್ಟುಕೊಳ್ಳುವುದು ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ತೊಂದರೆ.

*ನೆಲದಡಿ ಸುತ್ತಿಗೆ ಬಡಿದ ಸದ್ದು*

ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್‌ಗೆ ನಡುವೆ ಒಂದು ಬೇರಿಂಗ್ ಆಸರೆ ಇರುತ್ತದೆ. ಅದನ್ನು ಸುತ್ತಿದ ರಬ್ಬರ್ ಹರಿದರೆ ಶಾಫ್ಟ್ ಮೇಲೆ ಕೆಳಗೆ ಜಿಗಿಯತೊಡಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮುಂದಿನ ಸೀಟುಗಳ ನಡುವೆ, ನೆಲದಡಿಯಿಂದ ದಡಬಡ ಸದ್ದು ಬಂದರೆ ಅನುಮಾನ ಇದರ ಮೇಲೆಯೇ. ಮೊದಲ ತಲೆಮಾರಿನಲ್ಲಿ ಇದು ಬಹಳ ಸಾಮಾನ್ಯ.

ರಬ್ಬರ್ ಹೋಸ್ ತುಂಡುಗಳನ್ನು ತುರುಕಿ ಪ್ಲಾಸ್ಟಿಕ್ ಟೈ ಬಿಗಿದು ಸದ್ದು ನಿಲ್ಲಿಸುವ ಜುಗಾಡ್ ಕೂಡ ಇದೆ. ಮಾರುವ ಮುನ್ನ ಹೀಗೆ ಮಾಡಿದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಗೊತ್ತಾಗುವುದಿಲ್ಲ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿದರೆ ಮಾತ್ರ ಕಾಣುತ್ತದೆ.

*ಟ್ರಾನ್ಸ್‌ಫರ್ ಕೇಸ್ ನಡುಕ*

ಎರಡನೇ ತಲೆಮಾರಿನ ಕಯೆನ್‌ನ ಪ್ರಮುಖ ತಲೆನೋವು ಇದು. ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದರೊಳಗಿನ ಕ್ಲಚ್ ಮತ್ತು ಆಯಿಲ್ ಕೆಟ್ಟಾಗ ಕಡಿಮೆ ವೇಗದಲ್ಲಿ ನಿಧಾನವಾಗಿ ವೇಗ ಹೆಚ್ಚಿಸುವಾಗ ಕಾರು ಕುಲುಕುತ್ತದೆ. ರಸ್ತೆಯೇ ಸರಿಯಿಲ್ಲವೇನೋ ಎನಿಸುವಂಥ ನಡುಕ. ಅಮೆರಿಕದಲ್ಲಿ ಕಂಪನಿ ಈ ಭಾಗದ ವಾರಂಟಿ ಅವಧಿಯನ್ನು ವಿಸ್ತರಿಸಿತು, ಆದರೆ ಅದು ರಿಕಾಲ್ ಆಗಿರಲಿಲ್ಲ. ಆರಂಭದಲ್ಲಿ ಆಯಿಲ್ ಬದಲಿಸಿದರೆ ಕೆಲವು ಕಾರುಗಳಲ್ಲಿ ತೊಂದರೆ ಕಡಿಮೆಯಾಗುತ್ತದೆ. ಮೀರಿದ್ದರೆ ಪೆಟ್ಟಿಗೆಯನ್ನೇ ಬದಲಿಸಬೇಕು, ಅದು ಭಾರೀ ಖರ್ಚು.

ಗಮನಿಸಿ: ಜೋರಾಗಿ ಓಡಿಸುವ ಟೆಸ್ಟ್ ಡ್ರೈವ್‌ನಲ್ಲಿ ಇದು ತಿಳಿಯದೇ ಹೋಗಬಹುದು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಂತೆ ನಿಧಾನವಾಗಿ ಓಡಿಸಿ ನೋಡಿ.

*ಮಳೆನೀರು ಒಳಗೆ*

ಸನ್‌ರೂಫ್ ಸುತ್ತಲೂ, ಮುಂಭಾಗದ ಗಾಜಿನ ಕೆಳಗೂ ನೀರು ಹರಿದುಹೋಗಲು ಸಣ್ಣ ದಾರಿಗಳಿರುತ್ತವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವು, ಧೂಳು ಸೇರಿ ಇವು ಕಟ್ಟಿಕೊಳ್ಳುತ್ತವೆ. ಆಗ ಮಳೆನೀರು ಕಾರಿನೊಳಕ್ಕೆ ಇಳಿಯುತ್ತದೆ. ಮೊದಲ ತಲೆಮಾರಿನ ಕಯೆನ್‌ನಲ್ಲಿ ಬ್ಯಾಟರಿ ಇರುವುದೇ ಚಾಲಕರ ಸೀಟಿನ ಕೆಳಗೆ. ಕಾರ್ಪೆಟ್ ಕೆಳಗೆ ನೀರು ನಿಂತರೆ ವೈರಿಂಗ್ ಮತ್ತು ಎಲೆಕ್ಟ್ರಾನಿಕ್ಸ್ ಒಂದೊಂದಾಗಿ ಕೈಕೊಡುತ್ತವೆ. ಒಮ್ಮೆ ಲಾಕ್ ಕೆಲಸ ಮಾಡದು, ಇನ್ನೊಮ್ಮೆ ಕಾರಣವೇ ಇಲ್ಲದ ವಾರ್ನಿಂಗ್ ಲೈಟ್.

ಮುಂಬೈ, ಚೆನ್ನೈ, ಬೆಂಗಳೂರಿನ ಮಳೆ ನೋಡಿದ ಕಾರುಗಳಲ್ಲಿ ಕಾರ್ಪೆಟ್ ಅಂಚನ್ನು ಎತ್ತಿ ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯದು. ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಅದೂ ಒಂದು ಸುಳಿವು. ನೆರೆಯಲ್ಲಿ ಮುಳುಗಿ ಎದ್ದ ಕಾರೋ ಎಂಬುದನ್ನು ತಿಳಿಯಲೂ ಇದೇ ದಾರಿ.

*ಏರ್ ಸಸ್ಪೆನ್ಷನ್*

ಗಾಳಿ ತುಂಬಿದ ಸಸ್ಪೆನ್ಷನ್ ಇರುವ ಕಯೆನ್‌ಗಳಲ್ಲಿ ರಬ್ಬರ್ ಚೀಲ ಹಳತಾದಂತೆ ಗಾಳಿ ಸೋರುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಯಲ್ಲಿ ಕುಸಿದು ನಿಂತಿರುತ್ತದೆ. ಸೋರಿಕೆ ಸರಿದೂಗಿಸಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಅದೂ ಕೆಡುತ್ತದೆ. ನಮ್ಮ ರಸ್ತೆಗುಂಡಿಗಳು ಮತ್ತು ಲೆಕ್ಕವಿಲ್ಲದ ಹಂಪ್‌ಗಳು ಈ ಸವಕಳಿಯನ್ನು ಇನ್ನಷ್ಟು ಬೇಗ ತರುತ್ತವೆ.

ಭಾರತದ ಕಾನೂನು ಎಷ್ಟು ದೂರ ನಿಮ್ಮ ಜೊತೆಗಿದೆ?

ಭಾರತದಲ್ಲಿ ಬಹುಕಾಲ ರಿಕಾಲ್‌ಗೆ ಕಾನೂನಿನ ಬಲವೇ ಇರಲಿಲ್ಲ. ವಾಹನ ತಯಾರಕರ ಸಂಘಟನೆ ಸಿಯಾಮ್ 2012ರಲ್ಲಿ ಸ್ವಯಂಪ್ರೇರಿತ ರಿಕಾಲ್ ಸಂಹಿತೆ ತಂದಿತು. ಹೆಸರೇ ಹೇಳುವಂತೆ ಅದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಸೆಕ್ಷನ್ ಸೇರಿಸಿ, ದೋಷಪೂರಿತ ವಾಹನಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಾದವು. ಮುಖ್ಯಾಂಶಗಳು ಹೀಗಿವೆ:

- ವಾಹನ ಮಾಲೀಕರು ದೋಷದ ಬಗ್ಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.
- ಮಾರಾಟವಾದ ವಾಹನಗಳ ಸಂಖ್ಯೆಗೆ ಅನುಗುಣವಾಗಿ ನಿಗದಿಯಾದಷ್ಟು ದೂರುಗಳು ಬಂದರೆ ತನಿಖೆ ನಡೆಸಿ ಕಡ್ಡಾಯ ರಿಕಾಲ್‌ಗೆ ಆದೇಶಿಸಬಹುದು.
- ಕಡ್ಡಾಯ ರಿಕಾಲ್ ಆದರೆ ವಾಹನಗಳ ಬಗೆ, ಸಂಖ್ಯೆ ನೋಡಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ.
- ಈ ನಿಯಮ ಅನ್ವಯಿಸುವುದು 7 ವರ್ಷದೊಳಗಿನ ವಾಹನಗಳಿಗೆ.

ಈ ಕೊನೆಯ ಅಂಶವನ್ನು ಮತ್ತೊಮ್ಮೆ ಓದಿ. ಕೇಬಲ್ ಬುಷ್ ರಿಕಾಲ್ ಬಂದದ್ದು ಕಾರು ತಯಾರಾಗಿ 13ರಿಂದ 16 ವರ್ಷಗಳ ನಂತರ. ಪ್ಲಾಸ್ಟಿಕ್, ರಬ್ಬರ್ ಭಾಗಗಳ ದೋಷ ಹೊರಬೀಳಲು ಅಷ್ಟು ಕಾಲ ಬೇಕು. ಹತ್ತು ವರ್ಷದ ಹಳೆ ಐಷಾರಾಮಿ ಕಾರು ಕೊಂಡವರ ಬೆನ್ನಿಗೆ ನಮ್ಮ ಕಡ್ಡಾಯ ರಿಕಾಲ್ ನಿಯಮ ನಿಲ್ಲುವುದಿಲ್ಲ. ಅವರಿಗೆ ಉಳಿದಿರುವುದು ಕಂಪನಿ ತಾನಾಗಿ ಘೋಷಿಸಿದ ರಿಕಾಲ್ ಮತ್ತು ತಮ್ಮದೇ ಎಚ್ಚರ.

ಅದಲ್ಲದೆ ಕಯೆನ್‌ನಂಥ ಕಾರುಗಳು ಊರಿಂದೂರಿಗೆ ಹೋಗುತ್ತವೆ. ದೆಹಲಿ ವ್ಯಾಪ್ತಿಯಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. ಅದರ ಜಾರಿಯಲ್ಲಿ ಮುಂದೆ ಬದಲಾವಣೆಗಳಾದರೂ, ಅಲ್ಲಿನ ಎಷ್ಟೋ ಡೀಸೆಲ್ ಎಸ್‌ಯುವಿಗಳು ಎನ್‌ಒಸಿ ಪಡೆದು ಕರ್ನಾಟಕ ಸೇರಿ ಬೇರೆ ರಾಜ್ಯಗಳ ರಸ್ತೆಗೆ ಬಂದಿವೆ. ಕಾರು ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದಿರುತ್ತದೆ, ರಿಕಾಲ್ ಪತ್ರ ಮಾತ್ರ ದೆಹಲಿಯ ಮೊದಲ ಮಾಲೀಕರ ಹಳೆ ವಿಳಾಸಕ್ಕೆ ಹೋಗಿರುತ್ತದೆ.

ಮುಂಗಡ ಕೊಡುವ ಮುನ್ನ ಹೀಗೆ ಮಾಡಿ

1. ಚಾಸಿ ನಂಬರ್ ಬರೆದುಕೊಳ್ಳಿ. 17 ಅಕ್ಷರ-ಅಂಕಿಗಳ ಈ ಸಂಖ್ಯೆ ಆರ್‌ಸಿಯಲ್ಲೂ, ಕಾರಿನ ಮೇಲೂ ಇರುತ್ತದೆ. ಎರಡೂ ತಾಳೆಯಾಗಬೇಕು. ಪೋರ್ಷೆ ಎಸ್‌ಯುವಿಗಳ ಸಂಖ್ಯೆ 'ಡಬ್ಲ್ಯೂಪಿ1' ಎಂದು ಶುರುವಾಗುತ್ತದೆ. ಹತ್ತನೇ ಅಕ್ಷರ ಮಾದರಿ ವರ್ಷ ಹೇಳುತ್ತದೆ: 'ಬಿ' ಎಂದರೆ 2011, 'ಸಿ' 2012, ಹೀಗೆ ಮುಂದುವರಿದು 'ಜಿ' ಎಂದರೆ 2016.

2. ಬಾಕಿ ರಿಕಾಲ್ ವಿಚಾರಿಸಿ. ಅದೇ ಸಂಖ್ಯೆಯನ್ನು ಅಧಿಕೃತ ಪೋರ್ಷೆ ಕೇಂದ್ರಕ್ಕೆ ಕೊಟ್ಟು ಯಾವ ರಿಕಾಲ್ ಅನ್ವಯಿಸುತ್ತದೆ, ಯಾವುದು ಮುಗಿದಿದೆ, ಯಾವುದು ಬಾಕಿ ಎಂದು ಕೇಳಿ. ಕಂಪನಿಯ ವೆಬ್‌ಸೈಟ್‌ನಲ್ಲೂ ಚಾಸಿ ನಂಬರ್ ಹಾಕಿ ನೋಡುವ ವ್ಯವಸ್ಥೆಯಿದೆ. ಬಾಯಿಮಾತಿನ ಉತ್ತರ ಬೇಡ, ಇಮೇಲ್‌ನಲ್ಲಿ ಕೇಳಿ.

3. ತಣ್ಣಗಿರುವ ಕಾರು ನೋಡಿ. ಬೆಳಗ್ಗೆ, ಸ್ಟಾರ್ಟ್ ಮಾಡುವ ಮುನ್ನ ಹೋಗಿ. "ನೀವು ಬರುತ್ತೀರಿ ಅಂತ ಬಿಸಿ ಮಾಡಿ ಇಟ್ಟಿದ್ದೇವೆ" ಎಂದರೆ ಮತ್ತೊಂದು ದಿನ ಬನ್ನಿ. ಕಾರು ಒಂದು ಕಡೆ ವಾಲಿದೆಯೇ, ಕೂಲಂಟ್ ಮಟ್ಟ ಸರಿಯಿದೆಯೇ, ಸ್ಟಾರ್ಟ್ ಆದಾಗ ಅಸಹಜ ಸದ್ದಿದೆಯೇ ಗಮನಿಸಿ. ಬಾನೆಟ್ ಸುತ್ತ ಸಿಹಿ ವಾಸನೆ ಬಂದರೆ ಅದು ಕೂಲಂಟ್ ಸೋರಿಕೆಯ ಲಕ್ಷಣ. ಬಿಸಿ ಎಂಜಿನ್ನಿನ ಕೂಲಂಟ್ ಮುಚ್ಚಳವನ್ನು ಮಾತ್ರ ತೆಗೆಯಬೇಡಿ.

4. ಲಿಫ್ಟ್ ಮೇಲೆ ಏರಿಸಿ. ನಿಮಗೆ ಗೊತ್ತಿರುವ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಕೈಯಲ್ಲಿ ತಪಾಸಣೆ ಮಾಡಿಸಿ. ಈ ಖರ್ಚಿಗೆ ಹಿಂಜರಿಯಬೇಡಿ. ಸ್ಕ್ಯಾನರ್ ಹಾಕಿ ದೋಷ ಸಂಕೇತಗಳನ್ನು ಓದಿಸಿ. ಇತ್ತೀಚೆಗಷ್ಟೇ ಎಲ್ಲ ಸಂಕೇತಗಳನ್ನು ಅಳಿಸಿದ್ದರೆ ಅದೂ ಪ್ರಶ್ನೆ ಕೇಳಬೇಕಾದ ವಿಷಯವೇ.

5. ಬಿಲ್‌ಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಓದಿ. 'ಫುಲ್ ಸರ್ವಿಸ್ ಹಿಸ್ಟರಿ' ಎಂಬ ಮಾತಿಗಿಂತ ಕೂಲಂಟ್ ಪೈಪು, ಟ್ರಾನ್ಸ್‌ಫರ್ ಕೇಸ್ ಆಯಿಲ್, ಪ್ರೊಪೆಲ್ಲರ್ ಶಾಫ್ಟ್ ಬೇರಿಂಗ್ ಹೆಸರುಗಳಿರುವ ಬಿಲ್ ಮುಖ್ಯ. ನಡುವೆ ಎರಡು-ಮೂರು ವರ್ಷ ಏನೂ ಇಲ್ಲದಿದ್ದರೆ ಏಕೆ ಎಂದು ಕೇಳಿ.

6. ದುರಸ್ತಿಗೆ ಹಣ ತೆಗೆದಿಡಿ. ಕಾರಿನ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 20 ಲಕ್ಷಕ್ಕೆ ಕೊಂಡ ಕಾರಿಗೂ ಕೋಟಿ ರೂಪಾಯಿ ಕಾರಿನ ಬಿಡಿಭಾಗವೇ ಬೇಕು. ಇದ್ದಬದ್ದ ಹಣವನ್ನೆಲ್ಲ ಖರೀದಿಗೇ ಸುರಿದರೆ ಮೊದಲ ದೊಡ್ಡ ರಿಪೇರಿಗೆ ಕಾರು ಮನೆಮುಂದೆ ನಿಂತುಬಿಡುತ್ತದೆ.

ಕಾರು ಈಗಾಗಲೇ ನಿಮ್ಮ ಬಳಿ ಇದ್ದರೆ?

ಸೆಕೆಂಡ್ ಹ್ಯಾಂಡ್ ಕೊಂಡ ಕೂಡಲೇ ನಿಮ್ಮ ಹೆಸರು, ವಿಳಾಸ, ಮೊಬೈಲ್ ನಂಬರನ್ನು ಅಧಿಕೃತ ಕೇಂದ್ರದಲ್ಲಿ ಚಾಸಿ ನಂಬರ್ ಜೊತೆ ದಾಖಲಿಸಿ. ಹೊರಗಿನ ಗ್ಯಾರೇಜ್‌ನಲ್ಲಿ ಸರ್ವಿಸ್ ಮಾಡಿಸುವವರೂ ಇದನ್ನು ಮಾಡಬೇಕು. ಮುಂದಿನ ರಿಕಾಲ್ ಸೂಚನೆ ನಿಮಗೇ ಬರಲು ಇದೊಂದೇ ದಾರಿ. ಜೊತೆಗೆ ಆರು ತಿಂಗಳಿಗೊಮ್ಮೆ ನೀವೇ ವಿಚಾರಿಸಿ.

ಪಾರ್ಕಿಂಗ್ ಬ್ರೇಕ್ ಹಾಕುವ ಅಭ್ಯಾಸ ಇರಲಿ. ಆಟೊಮ್ಯಾಟಿಕ್ ಕಾರುಗಳಲ್ಲಿ ಬಹಳಷ್ಟು ಜನ 'ಪಿ' ಒತ್ತಿ ಇಳಿದುಬಿಡುತ್ತಾರೆ. ಬೇಸ್‌ಮೆಂಟ್ ಇಳಿಜಾರಿನಲ್ಲಿ, ಘಟ್ಟದ ರಸ್ತೆ ಬದಿಯಲ್ಲಿ ನಿಲ್ಲಿಸುವಾಗ ಇದು ಸಾಲದು.

ಬಾಕಿ ರಿಕಾಲ್ ಇದ್ದೂ ಕೆಲಸ ಮಾಡಿಕೊಡಲು ನಿರಾಕರಿಸಿದರೆ ಲಿಖಿತ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಆಯೋಗದ ಮೊರೆ ಹೋಗಬಹುದು.

ಇನ್ನೊಂದು ಮಾತು. ಇಂಥ ಕಾರುಗಳನ್ನು ದಿನವೂ ಓಡಿಸುವವರು ಹಲವು ಮನೆಗಳಲ್ಲಿ ಮಾಲೀಕರಲ್ಲ, ಡ್ರೈವರ್. ಪೆಡಲ್ ಸಡಿಲವಾದದ್ದು, ಕಾರು ನಡುಗಿದ್ದು, ಸಿಹಿ ವಾಸನೆ ಬಂದದ್ದು ಮೊದಲು ಗೊತ್ತಾಗುವುದು ಅವರಿಗೆ. ಅಪಾಯವೂ ಮೊದಲು ಅವರಿಗೇ. "ಗಾಡಿ ಸ್ವಲ್ಪ ಏನೋ ಸದ್ದು ಮಾಡ್ತಿದೆ ಸಾರ್" ಎಂದು ಅವರು ಹೇಳಿದಾಗ "ಮುಂದಿನ ಸರ್ವಿಸ್‌ಗೆ ನೋಡೋಣ" ಎಂದು ತಳ್ಳಿಹಾಕಬೇಡಿ. ಬಾಕಿ ಇರುವ ರಿಕಾಲ್ ಯಾವುದು ಎಂಬುದು ಅವರಿಗೂ ಗೊತ್ತಿರಲಿ.

ಹಾಗಾದರೆ ಕಯೆನ್ ಕೊಳ್ಳಲೇಬಾರದೇ?

ಹಾಗೇನೂ ಇಲ್ಲ. ರಿಕಾಲ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಕಾರು ಕೆಟ್ಟದ್ದು ಎನ್ನಲಾಗದು. ತಪ್ಪು ಕಂಡು, ಒಪ್ಪಿ, ಸ್ವಂತ ಖರ್ಚಿನಲ್ಲಿ ತಿದ್ದುವ ಕಂಪನಿ, ಮುಚ್ಚಿಡುವ ಕಂಪನಿಗಿಂತ ಮೇಲು. ಕೂಲಂಟ್ ಪೈಪು ಬದಲಾದ, ಟ್ರಾನ್ಸ್‌ಫರ್ ಕೇಸ್ ಸರಿಯಿರುವ, ಎಲ್ಲ ರಿಕಾಲ್ ಮುಗಿದ ದಾಖಲೆಯಿರುವ ಕಯೆನ್ ಇನ್ನೂ ಹಲವು ವರ್ಷ ಓಡಬಲ್ಲದು. ಅಂಥ ಕಾರಿಗೆ ಮಾರುಕಟ್ಟೆ ಬೆಲೆಗಿಂತ ಒಂದೆರಡು ಲಕ್ಷ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ದಾಖಲೆಯೇ ಇಲ್ಲದ ಅಗ್ಗದ ಕಯೆನ್ ಕೊನೆಗೆ ಅದಕ್ಕಿಂತ ದುಬಾರಿಯಾಗುತ್ತದೆ.

ಆದ್ದರಿಂದ ಮಾರುವವರ ಮುಂದೆ ಇಡಬೇಕಾದ್ದು ಒಂದಲ್ಲ, ಎರಡು ಪ್ರಶ್ನೆ. "ರಿಕಾಲ್ ಕೆಲಸ ಆಗಿರುವುದಕ್ಕೆ ದಾಖಲೆ ಎಲ್ಲಿ?" ಮತ್ತು "ರಿಕಾಲ್ ಆಗದ ಭಾಗಗಳಲ್ಲಿ ಏನೇನು ಬದಲಾಗಿದೆ?" ಎರಡಕ್ಕೂ ಕಾಗದದಲ್ಲಿ ಉತ್ತರ ಸಿಕ್ಕರೆ ವ್ಯವಹಾರ ಮುಂದುವರಿಸಿ. ಒಂದಕ್ಕೆ ಸಿಗದಿದ್ದರೂ, ಕಾರಿನ ಹೊಳಪು ಎಷ್ಟೇ ಇರಲಿ, ಇನ್ನೊಂದು ಕಾರು ಹುಡುಕುವುದೇ ಜಾಣತನ.